ಗಾಡಿಯ ಯೋಗನಿದ್ರೆ

ಡೊಂಬಿವಲಿ
೬ ಜುಲೈ ೨೦೨೫, ಭಾನುವಾರ
ಆಷಾಢ ಶುದ್ಧ ಏಕಾದಶಿ

ಮುರಾರಿ,

ಇವತ್ತು ಪ್ರಥಮ ಏಕಾದಶಿ, ನಿರಾಹಾರ. ನಳ್ಳಿಯಲ್ಲಿ ನೀರು ಬರುವ ಮೊದಲೇ ಎದ್ದು ದೇವರ ಪಾತ್ರೆ ತಿಕ್ಕಿಟ್ಟೆ, ತುಳಸಿಗೆ ನೀರು ಹಾಕಿದೆ, ನೆಲ ಒರೆಸಿದೆ. ಒಲೆ ಹಚ್ಚುವ ಕೆಲಸವಿಲ್ಲ. ನಾಳೆಯಿಂದ ಶಾಕವ್ರತ, ಒಂದು ತಿಂಗಳು ತರಕಾರಿ ಮುಟ್ಟುವುದಿಲ್ಲ. ಬುಟ್ಟಿಯಲ್ಲಿ ಉಳಿದ ಬೆಂಡೆ, ಬದನೆ ಎಲ್ಲ ನಮ್ಮ ಹೋಟೆಲಿಗೆ ಕಳಿಸಿಯಾಯಿತು.

ಅನೀಶ ನಿನಗೆ ಫೋನಿನಲ್ಲಿ ಬರೆದು ಕಳಿಸುವುದೆಲ್ಲ ಹಾಗೇ ಬಿದ್ದಿದೆಯಂತೆ. "ಅಮ್ಮಾ, ಮುರಾರಿ ಮಾಮ ಓದುತ್ತಾರೆ, ಜವಾಬ್ ನಹೀ ದೇತೆ" ಎನ್ನುತ್ತಾನೆ. ಅದಕ್ಕೆ ಈ ಕಾಗದ. ಬಾಯಲ್ಲಿ ನಮ್ಮದು ತುಳುವಾದರೂ ಕಾಗದಕ್ಕೆ ಶಾಲೆಯಲ್ಲಿ ಕಲಿತ ಕನ್ನಡವೇ ಬರುವುದು. ಹೋಟೆಲಿನಲ್ಲಿ ದೋಸೆ ಹಾಕುವ ಪೂವಪ್ಪ ದಿವಾದಲ್ಲಿ ನಿನ್ನ ಚಾಳಿನ ಹಿಂದಿನ ಗಲ್ಲಿಯಲ್ಲೇ ಇರುವುದು. ಅವನ ಕೈಯಲ್ಲಿ ಕೊಡುತ್ತೇನೆ. ನಿನ್ನ ಉತ್ತರವನ್ನೂ ಅವನೇ ತರಲಿ.

ವಿಷಯ ಕಾರಿನದ್ದು. ನಮ್ಮ ಕಾರು ಓಡುವುದೇ ಅಪರೂಪ. ಇವರು ಹೋಟೆಲಿಗೆ ನಡೆದೇ ಹೋಗುತ್ತಾರೆ, ಅನೀಶ ಘೋಡಬಂದರ್ ರಸ್ತೆಯ ಆಫೀಸಿಗೆ ಬೈಕಿನಲ್ಲಿ ಹೋಗುತ್ತಾನೆ. ದೇವಸ್ಥಾನಕ್ಕೋ ಮಠಕ್ಕೋ ಹೋಗುವುದಿದ್ದರೆ ಮಾತ್ರ ಕಾರು. ಇವತ್ತು ಮುದ್ರಾಧಾರಣೆಗೆಂದು ಮಡಿ ಉಟ್ಟು ಕೆಳಗೆ ಇಳಿದೆವು. ಇವರು ಕೀಲಿ ತಿರುಗಿಸಿದರೆ ಟಿಕ್ ಎಂದೂ ಇಲ್ಲ. ಇದು ಮೊದಲ ಸಲ ಅಲ್ಲ. ಒಂದು ವಾರ ನಿಂತರೆ ಸಾಕು, ಬ್ಯಾಟರಿ ಸತ್ತಿರುತ್ತದೆ. ಗ್ಯಾರೇಜಿನವನು ಹೊಸ ಬ್ಯಾಟರಿ ಹಾಕಿದ. ಅದಕ್ಕೂ ಅದೇ ಗತಿ. ಲೋಕಲ್ ರೈಲಿನಲ್ಲಿ ಹೋದೆವು. ಭಾನುವಾರವಾದರೂ ಕಾಲಿಡಲು ಜಾಗವಿಲ್ಲ. ಮಡಿ ಏನು ಉಳಿಯಿತೋ ಆ ಕೃಷ್ಣನಿಗೇ ಗೊತ್ತು. ಭುಜದ ಮೇಲೆ ಶಂಖ ಚಕ್ರ ಒತ್ತಿಸಿಕೊಂಡು ಬಂದೆ, ಈಗಲೂ ಚುರುಗುಟ್ಟುತ್ತಿದೆ.

ಮಾರಿಬಿಡಿ ಎಂದು ಅನೀಶನದ್ದು ಒಂದೇ ಮಾತು, "ಬೇಚ್ ಡಾಲೋ." ನನಗೆ ನಿನ್ನ ನೆನಪಾಯಿತು. ರಬಾಳೆಯ ಕಾರ್ಖಾನೆಯಲ್ಲಿ ಸಾಮಾನು ಎತ್ತುವ ಬ್ಯಾಟರಿ ಗಾಡಿಗಳನ್ನೆಲ್ಲ ನೋಡಿಕೊಳ್ಳುವವನು ನೀನು. ಬ್ಯಾಟರಿಗೆ ಏನು ರೋಗ ಎಂದು ನಿನಗೆ ತಿಳಿಯದೆ ಯಾರಿಗೆ ತಿಳಿಯಬೇಕು?

ಸುಳ್ಳು ಯಾಕೆ, ಕಾರು ಒಂದು ನೆಪ. ಅತ್ತೆಯ ಶ್ರಾದ್ಧದ ದಿನ ಊಟದ ಹೊತ್ತಿಗೆ, ಅವರು ಹೇಗೆ ಹೋದರೆಂದು ಇವರು ಹೇಳುತ್ತಿದ್ದಾಗ ನೀನು ನಕ್ಕೆ. ಇವರು ಎಲೆ ಬಿಟ್ಟು ಎದ್ದರು. ಕಿವಿ ಹೋದ ನಿನಗೆ ಅದು ಕೇಳಿಸಿರಲಿಲ್ಲ ಎಂದು ನನಗೆ ಗೊತ್ತು. ಇವರಿಗೆ ಅದನ್ನು ಹೇಳಲು ಹೋದರೆ, "ಅವನಿಗೆ ಬಾಯಿ ನೋಡಿದರೆ ತಿಳಿಯುತ್ತದೆ" ಎಂದು ಮುಖ ತಿರುಗಿಸುತ್ತಾರೆ. ಆ ದಿನ ಚಪ್ಪಲಿ ಮೆಟ್ಟಿ ಇಳಿದವನು ನೀನು ಮತ್ತೆ ಮೆಟ್ಟಿಲು ಹತ್ತಲಿಲ್ಲ. ಡೊಂಬಿವಲಿಗೂ ದಿವಾಕ್ಕೂ ಏನು ಸಮುದ್ರ ಇದೆಯಾ? ನನಗಿರುವುದು ಒಬ್ಬನೇ ತಮ್ಮ. ನನ್ನ ಕೈಯ ಊಟ ಮಾಡದೆ ಅವನು ಮುದುಕನಾಗುವುದನ್ನು ನಾನು ನೋಡಬೇಕೇ?

ಉತ್ತರ ಬರೆ. ಕಾರಿನದ್ದಾದರೂ ಬರೆ.

ಇಂತು ನಿನ್ನ ಅಕ್ಕ,
ವಾರಿಜಾ


ದಿವಾ
೧೩ ಜುಲೈ ೨೦೨೫

ವಾರಿಜಕ್ಕನಿಗೆ ನಮಸ್ಕಾರ.

ಪೂವಪ್ಪ ಕಾಗದ ಕೊಟ್ಟ. ತಪ್ಪು ಬ್ಯಾಟರಿಯದ್ದಲ್ಲ. ಹಳೆಯದೂ ಸತ್ತಿತು, ಹೊಸದೂ ಸತ್ತಿತು ಎಂದರೆ ಗಾಡಿ ನಿಂತಲ್ಲೇ ಅದರಿಂದ ಏನೋ ಕುಡಿಯುತ್ತಿದೆ.

ಕೀಲಿ ತೆಗೆದರೆ ಗಾಡಿ ಪೂರ್ತಿ ಬಂದ್ ಆಯಿತು ಎಂದು ಜನ ತಿಳಿಯುತ್ತಾರೆ. ಹಾಗಲ್ಲ, ಅದು ಬರೀ ನಿದ್ದೆ. ಒಳಗೆ ಗಡಿಯಾರ ನಡೆಯುತ್ತಿರುತ್ತದೆ. ರೇಡಿಯೋ ತನ್ನ ಸ್ಟೇಶನ್ನುಗಳನ್ನು ನೆನಪಿಟ್ಟುಕೊಂಡಿರುತ್ತದೆ. ನೀವು ಯಾವಾಗ ರಿಮೋಟಿನ ಗುಂಡಿ ಒತ್ತುತ್ತೀರಿ ಎಂದು ಒಂದು ಕಿವಿ ಹಗಲೂ ರಾತ್ರಿ ಕಾಯುತ್ತಿರುತ್ತದೆ. ಇದಕ್ಕೆಲ್ಲ ಬೇಕಾದ ಕರೆಂಟು ತೀರಾ ಸ್ವಲ್ಪ. ಒಳ್ಳೆಯ ಬ್ಯಾಟರಿ ಅಷ್ಟನ್ನು ವಾರಗಟ್ಟಲೆ ಕೊಟ್ಟೀತು. ನಿಮ್ಮ ಗಾಡಿಯಲ್ಲಿ ಅದಕ್ಕಿಂತ ಜಾಸ್ತಿ ಎಲ್ಲೋ ಹರಿಯುತ್ತಿದೆ. ಎಲ್ಲಿ ಎಂದು ಹುಡುಕಬೇಕು. ಮಾರುವುದು ಬೇಡ.

ಮೊದಲು ಕಣ್ಣಿನಿಂದ ನೋಡು. ಬ್ಯಾಟರಿ ಚಾರ್ಜ್ ಮಾಡಿಸಿ, ಗಾಡಿ ಲಾಕ್ ಮಾಡಿ, ಕೀಲಿಯನ್ನು ಮನೆಯಲ್ಲಿ ಇಟ್ಟು ಬಾ. ಸ್ವಲ್ಪ ಹೊತ್ತು ಬಿಟ್ಟು ಗಾಜಿಗೆ ಮುಖ ಇಟ್ಟು ಒಳಗೆ ನೋಡು. ಎಲ್ಲಾದರೂ ಬೆಳಕು ಕಂಡರೆ ಬರೆ. ಚಾರ್ಜರ್, ಕ್ಯಾಮೆರಾ, ದೇವರ ಮುಂದಿನ ಬಣ್ಣದ ಲೈಟು, ಏನು ಸಿಕ್ಕಿಸಿದ್ದರೂ ಕಿತ್ತುಬಿಡು.

ಉಳಿದ ವಿಷಯ ಬರೆಯಬೇಡ.

ಮುರಾರಿ


ಡೊಂಬಿವಲಿ
೨೨ ಜುಲೈ ೨೦೨೫, ಮಂಗಳವಾರ
ದ್ವಾದಶಿ

ಮುರಾರಿ,

ಪಾರಣೆ ಮುಗಿಸಿ ಕೂತಿದ್ದೇನೆ. ಹೆಸರುಬೇಳೆಯ ತೊವ್ವೆ, ಮಾವಿನ ಹಣ್ಣಿನ ಗೊಜ್ಜು. ತರಕಾರಿ ಇಲ್ಲದ ಊಟ ಅನೀಶನಿಗೆ ಗಂಟಲಲ್ಲಿ ಇಳಿಯುವುದಿಲ್ಲ, ಹೋಟೆಲಿಗೆ ಓಡಿದ.

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ಬ್ಯಾಟರಿಗಾಗಿ ಒಂದು ಸಲ, ಉಳಿದದ್ದು ಬೇರೆ ಕಾರಣಕ್ಕೆ. ಮಲಗಿದ ಗಾಡಿಯಲ್ಲಿ ಎಲ್ಲವೂ ಮಲಗುವುದಿಲ್ಲ ಎಂದು ಬರೆದೆಯಲ್ಲ, ಅದನ್ನು ಓದಿ ಕಾಗದ ಕೆಳಗಿಟ್ಟೆ. ಆಷಾಢ ಏಕಾದಶಿಯಂದು ಭಗವಂತ ಮಲಗುತ್ತಾನೆ ಎಂದು ಹೇಳುತ್ತೇವೆ. ಆದರೆ ಅದು ನಮ್ಮ ಹಾಗೆ ಗೊರಕೆ ಹೊಡೆಯುವ ನಿದ್ದೆ ಅಲ್ಲ, ಯೋಗನಿದ್ರೆ. ಕಣ್ಣು ಮುಚ್ಚಿದ್ದರೂ ಅವನಿಗೆ ಎಲ್ಲ ತಿಳಿಯುತ್ತಿರುತ್ತದೆ, ಕರೆದರೆ ಕೇಳುತ್ತದೆ. ನಮ್ಮ ಬಿಲ್ಡಿಂಗಿನ ಕೆಳಗೆ ಧೂಳು ಹಿಡಿದು ನಿಂತ ಆ ತಗಡಿನ ಗಾಡಿಗೂ ಮನುಷ್ಯ ಅಂಥದೊಂದು ನಿದ್ದೆ ಕೊಟ್ಟಿದ್ದಾನಲ್ಲ ಎಂದು ಆಶ್ಚರ್ಯವಾಯಿತು. ಇಷ್ಟು ವರ್ಷ ಅದರ ಪಕ್ಕದಲ್ಲೇ ಹೋಗಿ ಬರುತ್ತಿದ್ದೆ. ಮೊನ್ನೆ ಅದರ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತೆ. ವಾಚ್‌ಮನ್ ನೋಡಿ, ಗಾಡಿಗೆ ಜ್ವರವೇ ಎಂಬ ಹಾಗೆ, "ಕ್ಯಾ ಹುವಾ ಆಂಟಿ, ಬುಖಾರ್ ಹೈ ಕ್ಯಾ ಗಾಡೀ ಕೋ?" ಎಂದ.

ನೀನು ಹೇಳಿದ ಹಾಗೆ ಗಾಜಿಗೆ ಮುಖ ಒತ್ತಿ ನೋಡಿದೆ. ಕತ್ತಲೆ. ಬಾಗಿಲಿನಲ್ಲಿ ಇಲ್ಲ, ಮೇಲೆ ಇಲ್ಲ, ಹಿಂದೆ ಡಿಕ್ಕಿಯಲ್ಲೂ ಬೆಳಕು ಸೋರುತ್ತಿಲ್ಲ. ಚಾರ್ಜರ್ ಕಿತ್ತು ತಂದೆ. ಆದರೂ ಐದಾರು ದಿನದಲ್ಲಿ ಬ್ಯಾಟರಿ ಮತ್ತೆ ಸತ್ತಿತು.

ನಿನ್ನ ಕಾಗದವನ್ನು ಇವರು ನೋಡಿದರು. ನಾನು ಅಡಗಿಸಿಡಲಿಲ್ಲ, ಊಟದ ಮೇಜಿನ ಮೇಲೆಯೇ ಬಿಟ್ಟಿದ್ದೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, "ಅಕ್ಷರ ಚೆನ್ನಾಗಿದೆ" ಎಂದರು. ಅಷ್ಟೇ. ಅಕ್ಷರವಾದರೂ ಚೆನ್ನಾಗಿ ಕಂಡಿತಲ್ಲ ಎಂದುಕೊಂಡೆ.

ಬರೆಯಬೇಡ ಎಂದರೂ ಬರೆಯುತ್ತೇನೆ, ನಾನು ನಿನಗೆ ಹಿರಿಯಳು. ಪೂವಪ್ಪ ಹೇಳಿದ, ನೀನು ಸಂಜೆ ಕನ್ನಡಿಯ ಮುಂದೆ ಕೂತು ಬಾಯಿ ಆಡಿಸುತ್ತೀಯಂತೆ. ಅವನು ಹೆದರಿದ್ದ, "ಅಮ್ಮ, ಮುರಾರಿಯಣ್ಣ ಒಬ್ಬರೇ ಮಾತಾಡುತ್ತಾರೆ, ತಲೆಗೆ ಏನಾದರೂ ಆಯಿತಾ" ಎಂದು. ನನಗೆ ಅರ್ಥವಾಯಿತು. ಯಾವ ಮಾತಿಗೆ ತುಟಿ ಹೇಗೆ ಹೋಗುತ್ತದೆ ಎಂದು ಕಲಿಯುತ್ತಿದ್ದೀಯಲ್ಲವೇ? ಯಾರ ಮಾತು ಕೇಳಲಿಕ್ಕೆ? ನಿನ್ನ ಕಾರ್ಖಾನೆಯಲ್ಲಿ ತುಳು ಆಡುವವರು ಯಾರಿದ್ದಾರೆ?

ಕಾರಿಗೆ ಮುಂದೇನು ಮಾಡಬೇಕು, ಬರೆ.

ವಾರಿಜಕ್ಕ


ದಿವಾ
೧೦ ಆಗಸ್ಟ್ ೨೦೨೫

ವಾರಿಜಕ್ಕನಿಗೆ ನಮಸ್ಕಾರ.

ಕಣ್ಣಿಗೆ ಕಾಣದಿದ್ದರೆ ಅಳೆದು ನೋಡಬೇಕು. ಪೂವಪ್ಪನ ಹತ್ತಿರ ನನ್ನ ಮೀಟರ್ ಕಳಿಸಿದ್ದೇನೆ. ಎರಡು ವೈರಿಗೂ ಕ್ಲಿಪ್ಪು ಹಾಕಿದ್ದೇನೆ. ಗುಂಡಿ ಎಲ್ಲಿಗೆ ತಿರುಗಿಸಿಟ್ಟಿದ್ದೇನೋ ಅಲ್ಲೇ ಇರಲಿ.

ಬ್ಯಾಟರಿಯ ಮೈನಸ್ ಕಡೆಯ ಕಪ್ಪು ವೈರು ಬಿಚ್ಚಬೇಕು. ಒಂದು ಕ್ಲಿಪ್ಪು ಆ ವೈರಿಗೆ, ಇನ್ನೊಂದು ಬ್ಯಾಟರಿಯ ಮೈನಸ್ ತಲೆಗೆ. ಆಗ ಗಾಡಿ ಕುಡಿಯುವ ಕರೆಂಟೆಲ್ಲ ಮೀಟರಿನ ಒಳಗಿನಿಂದಲೇ ಹೋಗಬೇಕು, ಎಷ್ಟು ಎಂದು ಅಂಕಿ ಕಾಣುತ್ತದೆ. ಅಷ್ಟರ ಮೊದಲೇ ಅನೀಶ ಡ್ರೈವರ್ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡಿರಲಿ, ಫ್ಯೂಸುಗಳ ಡಬ್ಬಿ ಅವನ ಮೊಣಕಾಲಿನ ಹತ್ತಿರ ಇದೆ. ಮೀಟರ್ ಹಾಕಿದ ಮೇಲೆ ಬಾಗಿಲು ತೆರೆಯಬಾರದು, ಕೀಲಿ ತಿರುಗಿಸಲೇಬಾರದು. ಬಾಗಿಲು ತೆರೆದರೆ ಗಾಡಿಗೆ ಎಚ್ಚರವಾಗುತ್ತದೆ, ಕೀಲಿ ತಿರುಗಿಸಿದರೆ ಮೀಟರ್ ಸುಡುತ್ತದೆ. ಅರ್ಧ ಗಂಟೆ ಕಾಯಿರಿ. ಗಾಡಿ ಒಮ್ಮೆಲೇ ಮಲಗುವುದಿಲ್ಲ, ಒಳಗಿನವು ಒಂದೊಂದಾಗಿ ಮಲಗುತ್ತವೆ. ಅಂಕಿ ಸೊನ್ನೆ ಬಿಂದು ಸೊನ್ನೆ ಐದರ ಒಳಗೆ ಬಂದರೆ ಸರಿ, ಅದು ಗಾಡಿಯ ಉಸಿರು. ಬರದಿದ್ದರೆ ಅನೀಶ ಒಂದೊಂದೇ ಫ್ಯೂಸು ಕಿತ್ತು ಮತ್ತೆ ಹಾಕಲಿ. ಯಾವುದನ್ನು ಕಿತ್ತಾಗ ಅಂಕಿ ಬೀಳುತ್ತದೋ ಕಳ್ಳ ಆ ದಾರಿಯಲ್ಲಿದ್ದಾನೆ.

ಒಂದು ಎಚ್ಚರ. ಬ್ಯಾಟರಿಯ ಮೇಲೆ ಬಗ್ಗುವವರ ಮೈಯಲ್ಲಿ ಚಿನ್ನ ಇರಬಾರದು. ಬಗ್ಗಿದಾಗ ಕರಿಮಣಿ ಸರ ತೂಗುತ್ತದೆ, ಎರಡು ತಲೆಗೂ ತಾಗಿದರೆ ಕಿಡಿ ಹಾರಿ ಕತ್ತು ಸುಡುತ್ತದೆ. ಕರಿಮಣಿ ತೆಗೆದಿಡು ಎಂದು ನಾನು ಹೇಳುವುದಿಲ್ಲ, ಹೇಳಿದರೂ ನೀನು ತೆಗೆಯುವುದಿಲ್ಲ. ಹಾಗಾಗಿ ನೀನು ಬಗ್ಗಬೇಡ. ಬೇರೆ ಯಾರಾದರೂ ಬಗ್ಗಲಿ.

ಕನ್ನಡಿಯ ವಿಷಯ ಪೂವಪ್ಪ ಹೇಳಬಾರದಿತ್ತು.

ಮುರಾರಿ


ಡೊಂಬಿವಲಿ
೪ ಸೆಪ್ಟೆಂಬರ್ ೨೦೨೫, ಗುರುವಾರ
ಭಾದ್ರಪದ ಶುದ್ಧ ದ್ವಾದಶಿ

ಮುರಾರಿ,

ನಿನ್ನೆ ಪರಿವರ್ತಿನಿ ಏಕಾದಶಿ. ಮಲಗಿದ ಭಗವಂತ ಮಗ್ಗುಲು ಬದಲಿಸುವ ದಿನ. ಬ್ಯಾಟರಿ ಚಾರ್ಜ್ ಆಗಿ ಬಂದಿತ್ತು, ಅನೀಶ ಮನೆಯಲ್ಲೇ ಕೆಲಸ ಮಾಡುವ ದಿನವೂ ಆಗಿತ್ತು. ನಿನ್ನೆಯೇ ಮಾಡೋಣ ಎಂದೆ.

ಯಾರು ಬಗ್ಗುವುದು ಎಂಬ ಮಾತು ಬಂತು. ಅನೀಶ ಒಳಗೆ ಕೂರಬೇಕು. ವಾಚ್‌ಮನ್ ಬ್ಯಾಟರಿ ಎಂದರೆ ಹೆದರುತ್ತಾನೆ. ನಾನು ಇವರಿಗೆ ನಿನ್ನ ಕಾಗದದ ಕೊನೆಯ ಭಾಗ ಓದಿ ಹೇಳಿದೆ. ಇವರು, "ನನ್ನ ಆಯುಷ್ಯಕ್ಕೆಂದು ಕಟ್ಟಿದ ಸರ, ಕೊನೆಗೆ ನನಗೇ ಕೆಲಸ ತಂತು" ಎಂದು ಉಂಗುರ, ವಾಚು, ಕತ್ತಿನ ಚೈನು ಬಿಚ್ಚಿ ನನ್ನ ಸೆರಗಿಗೆ ಹಾಕಿದರು. ಅಂತೂ ಇವರೇ ಬಗ್ಗಿದರು. ನಾನು ಪಕ್ಕದಲ್ಲಿ ನಿಂತು ಅಂಕಿ ಓದುವವಳು.

ಮೊದಲು ಮೂರು ಚಿಲ್ಲರೆ ತೋರಿಸಿತು. ಆಮೇಲೆ ನೋಡು, ನೀನು ಬರೆದ ಹಾಗೆಯೇ, ನಮ್ಮ ಕಣ್ಣೆದುರಿಗೇ ಗಾಡಿ ಮಲಗತೊಡಗಿತು. ಅಂಕಿ ಇಳಿಯುತ್ತದೆ, ನಿಲ್ಲುತ್ತದೆ, ಮತ್ತೆ ಸ್ವಲ್ಪ ಇಳಿಯುತ್ತದೆ. ತೊಟ್ಟಿಲಿನ ಮಗು ನಿದ್ದೆಗೆ ಜಾರುವಾಗ ಮೊದಲು ಮುಷ್ಟಿ ಬಿಚ್ಚಿ, ಆಮೇಲೆ ಕಾಲು ಸಡಿಲ ಬಿಟ್ಟು, ಕೊನೆಗೆ ತುಟಿ ತೆರೆಯುವುದಿಲ್ಲವೇ, ಹಾಗೆ. ಗಾಡಿ ಅಲುಗಲಿಲ್ಲ, ಸದ್ದಿಲ್ಲ, ಬೆಳಕಿಲ್ಲ. ಒಳಗೆ ಅಷ್ಟೆಲ್ಲ ನಡೆಯುತ್ತಿತ್ತು.

ಸೊನ್ನೆ ಬಿಂದು ನಾಲ್ಕು ಮೂರಕ್ಕೆ ಬಂದು ನಿಂತಿತು. ಎಷ್ಟು ಕಾದರೂ ಅದರಿಂದ ಕೆಳಗಿಲ್ಲ.

ಆಗ ಫ್ಯೂಸಿನ ಕೆಲಸ. ಹೊರಗೆ ಗಣಪತಿಯ ಢೋಲು ತಾಶೆ, ಒಳಗೆ ಅನೀಶ ಗಾಜು ಏರಿಸಿ ಕೂತಿದ್ದಾನೆ. ನಾನು ಎಷ್ಟು ಕೂಗಿದರೂ ಅವನಿಗೆ ಕೇಳಿಸುವುದಿಲ್ಲ. "ತೆಗೆ" ಎಂದರೆ "ಕ್ಯಾ?" ಎಂದು ಕೈ ತಿರುಗಿಸುತ್ತಾನೆ. "ಅದಲ್ಲ, ಪಕ್ಕದ್ದು" ಎಂದರೆ ಹಾಕಿದ್ದನ್ನೇ ಮತ್ತೆ ಕೀಳುತ್ತಾನೆ. ಬೆವರಿ ನೀರಾಗಿದ್ದ. ಅಷ್ಟರಲ್ಲಿ ಬಾನೆಟ್ಟಿನ ಕೋಲು ಜಾರಿ ಇವರ ಬೆರಳಿನ ಮೇಲೆ ಬಿತ್ತು. ಇವರು ಕೈ ಹಿಡಿದುಕೊಂಡು ಗಾಡಿಯ ಪಕ್ಕಕ್ಕೆ ಬಂದರು, ಬಾಯಿ ತೆರೆದು, ಮುಖವೆಲ್ಲ ಕಿವುಚಿಕೊಂಡು. ಅನೀಶ ಗಾಜಿನ ಒಳಗಿನಿಂದ ಅದನ್ನು ನೋಡಿದ. ಕಳ್ಳ ಸಿಕ್ಕಿದ, ಅಪ್ಪ ಖುಷಿಯಲ್ಲಿ ಕೂಗುತ್ತಿದ್ದಾರೆ ಎಂದುಕೊಂಡ. ಹೆಬ್ಬೆರಳು ಎತ್ತಿ ಹಲ್ಲೆಲ್ಲ ಕಾಣುವ ಹಾಗೆ ನಕ್ಕ.

ಇವರು ಹಾಗೇ ನಿಂತರು. ಬೆರಳಿನಿಂದ ರಕ್ತ ಬರುತ್ತಿದ್ದರೂ ಅದನ್ನು ನೋಡದೆ ಮಗನ ನಗುವ ಮುಖವನ್ನೇ ನೋಡಿದರು. ಬೈಯಲಿಲ್ಲ. ನಾನು ಸೆರಗಿನಿಂದ ಬೆರಳು ಒತ್ತಿ ಹಿಡಿದೆ. ಸುಮಾರು ಹೊತ್ತಿನ ಮೇಲೆ, "ಇವನಿಗೆ ಗಾಜು ಇಳಿಸಿದರೆ ಮುಗಿಯಿತು, ಅವನಿಗೆ?" ಎಂದರು.

ಆಮೇಲೆ ಕೈಸನ್ನೆ ಮಾಡಿಕೊಂಡು ಕೆಲಸ ಮುಗಿಸಿದೆವು. ಒಂದು ಫ್ಯೂಸು ಕಿತ್ತಾಗ ಅಂಕಿ ಧೊಪ್ಪೆಂದು ಸೊನ್ನೆ ಬಿಂದು ಸೊನ್ನೆ ಎರಡಕ್ಕೆ ಬಿತ್ತು. ಇವರು ನನಗಿಂತ ಮೊದಲು ನೋಡಿ, "ಬಿತ್ತು" ಎಂದು ಪಿಸುಗುಟ್ಟಿದರು, ಗರ್ಭಗುಡಿಯ ಮುಂದೆ ನಿಂತವರ ಹಾಗೆ. ಅದು ಒಳಗಿನ ದೀಪಗಳ ಫ್ಯೂಸು ಎಂದು ಅನೀಶ ಪುಸ್ತಕ ನೋಡಿ ಹೇಳಿದ. ಆದರೆ ಒಳಗೆ ಒಂದು ದೀಪವೂ ಉರಿಯುತ್ತಿಲ್ಲವಲ್ಲ ಮುರಾರಿ. ಉರಿಯದ ದೀಪ ಕರೆಂಟು ಕುಡಿಯುವುದು ಹೇಗೆ?

ಇವತ್ತಿನಿಂದ ಕ್ಷೀರವ್ರತ, ಹಾಲಿಲ್ಲ. ಇವರು ಬೆಳಿಗ್ಗೆ ಕಪ್ಪು ಕಾಫಿ ಕುಡಿಯುತ್ತಾ, "ಅವನಿಗೆ ಬರೆದೆಯಾ?" ಎಂದು ಎರಡು ಸಲ ಕೇಳಿದರು.

ನಿನ್ನ ಅಕ್ಕ ವಾರಿಜಾ


ದಿವಾ
೧೪ ಸೆಪ್ಟೆಂಬರ್ ೨೦೨೫

ವಾರಿಜಕ್ಕ,

ಉರಿಯದ ದೀಪ ಕುಡಿಯುವುದಿಲ್ಲ. ನಿಮಗೆ ಕಾಣದ ಕಡೆ ಒಂದು ಉರಿಯುತ್ತಿದೆ. ಆ ಫ್ಯೂಸಿನ ಮೇಲೆ ಮೇಲಿನ ದೀಪ, ಡಿಕ್ಕಿಯ ದೀಪ, ಮತ್ತೆ ಎಡಗಡೆಯ ಸೀಟಿನ ಮುಂದೆ ಸಾಮಾನು ಇಡುವ ಮುಚ್ಚಳದ ಡಬ್ಬಿ ಇದೆಯಲ್ಲ, ಅದರ ಒಳಗಿನ ದೀಪ ಇರುತ್ತದೆ. ಮುಚ್ಚಳ ಹಾಕಿದಾಗ ಅದು ಒಂದು ಸಣ್ಣ ಗುಂಡಿಯನ್ನು ಒತ್ತಬೇಕು, ಆಗ ದೀಪ ಆರುತ್ತದೆ. ಒತ್ತಿತೋ ಇಲ್ಲವೋ ಹೊರಗಿನಿಂದ ತಿಳಿಯುವುದಿಲ್ಲ. ಅನೀಶನ ಫೋನಿನಲ್ಲಿ ವಿಡಿಯೋ ಚಾಲೂ ಮಾಡಿ, ಫೋನನ್ನು ಒಳಗಿಟ್ಟು ಮುಚ್ಚಳ ಹಾಕಿ. ಸ್ವಲ್ಪ ಹೊತ್ತು ಬಿಟ್ಟು ತೆಗೆದು ನೋಡಿ. ಫೋನು ಸುಳ್ಳು ಹೇಳುವುದಿಲ್ಲ.

ಅನೀಶ ನಕ್ಕದ್ದನ್ನು ಓದಿದೆ. ತುಂಬಾ ಸಲ ಓದಿದೆ.

ಇಷ್ಟಾದ ಮೇಲೆ ಒಂದು ಹೇಳುತ್ತೇನೆ. ನಿನ್ನ ಬಾಯಿ ನನಗೆ ಓದಲು ಬರುತ್ತದೆ. ಅನೀಶನದ್ದು ಅರ್ಧ ಬರುತ್ತದೆ, ಅವನು ಹಿಂದಿಗೆ ಹೊರಳಿದರೆ ಪೂರ್ತಿ ಬರುತ್ತದೆ. ಭಾವನದ್ದು ಎಂದೂ ಬಂದಿಲ್ಲ. ಅವರ ಮೀಸೆ ಮೇಲಿನ ತುಟಿಯನ್ನು ಪೂರ್ತಿ ಮುಚ್ಚುತ್ತದೆ. ಕಿವಿ ಹೋದಮೇಲೆ ಅವರು ನನಗೆ ಹೇಳಿದ ಒಂದು ಮಾತೂ ನನಗೆ ಮುಟ್ಟಿಲ್ಲ. ಎಲ್ಲರೂ ನಕ್ಕಾಗ ನಗುತ್ತಿದ್ದೆ. ಮೀಸೆ ಬಗ್ಗೆ ಅವರಿಗೆ ಹೇಳುವುದು ಹೇಗೆ, ಅವರು ಹಿರಿಯರು.

ಭಾವನಿಗೆ ನನ್ನ ಮೇಲೆ ಇನ್ನೂ ಸಿಟ್ಟಿದೆಯಾ? ಇದಕ್ಕೆ ಉತ್ತರ ಬೇಕು. ಅವರನ್ನೇ ಕೇಳಿ ಬರೆ. ನೀನು ನಿನ್ನ ಕಡೆಯಿಂದ ಸೇರಿಸಬೇಡ.

ಮುರಾರಿ


ಡೊಂಬಿವಲಿ
೪ ಅಕ್ಟೋಬರ್ ೨೦೨೫, ಶನಿವಾರ
ಆಶ್ವಯುಜ ಶುದ್ಧ ದ್ವಾದಶಿ

ಮುರಾರಿ,

ತಡವಾಯಿತು. ಪಕ್ಷಮಾಸದಲ್ಲಿ ಅತ್ತೆಯ ಕೆಲಸವಿತ್ತು, ಅದು ಮುಗಿಯಿತು ಎನ್ನುವಾಗ ನವರಾತ್ರಿ, ಹೋಟೆಲಿನಲ್ಲಿ ಉಪವಾಸದ ತಿಂಡಿಗೆ ಜನ. ವಿಜಯದಶಮಿಯ ದಿನ ಗಾಡಿ ತೊಳೆದು, ಹೂ ಹಾಕಿ ಪೂಜೆ ಮಾಡಿದ ಮೇಲೆ ಮೂವರೂ ಅಲ್ಲೇ ನಿಂತು ನೀನು ಹೇಳಿದ್ದನ್ನು ಮಾಡಿದೆವು.

ಆ ಡಬ್ಬಿಯಲ್ಲಿ ಏನಿದೆ ಎಂದು ನನ್ನನ್ನು ಕೇಳಬೇಕಿತ್ತು. ತುಂಬಿಸಿದವಳು ನಾನೇ. ಎಲ್ಲಿಗೆ ಹೋದರೂ ಅಲ್ಲಿಯ ಪ್ರಸಾದದ ಪೊಟ್ಟಣ ಅದರೊಳಗೆ. ಕುಂಕುಮ, ಗಂಧ, ಮಂತ್ರಾಕ್ಷತೆ, ಒಣಗಿದ ತುಳಸಿ. ಪ್ರಸಾದವನ್ನು ಎಸೆಯುವುದುಂಟೇ? ಕಂಡ ಕಂಡಲ್ಲಿ ಇಟ್ಟರೆ ಕಾಲಿಗೆ ಸಿಕ್ಕೀತು. ಹೊಸತು ಬಂದರೆ ಹಳೆಯದನ್ನು ಹಿಂದಕ್ಕೆ ದೂಡಿ ಮುಚ್ಚಳ ಒತ್ತುತ್ತಿದ್ದೆ. ಮುಚ್ಚಿದ ಹಾಗೆಯೇ ಕಾಣುತ್ತಿತ್ತು.

ಅನೀಶ ಪೊಟ್ಟಣಗಳಿಗೆ ಫೋನು ಆನಿಸಿ ಮುಚ್ಚಿದ. ಆಮೇಲೆ ತೆಗೆದು ಮೂವರೂ ತಲೆ ಸೇರಿಸಿ ನೋಡಿದೆವು. ಮುಚ್ಚಳ ಬೀಳುವುದು ಕಂಡಿತು. ಇನ್ನು ಕತ್ತಲೆ ಎಂದುಕೊಂಡೆ. ಕತ್ತಲೆ ಆಗಲಿಲ್ಲ. ಮೂಲೆಯಲ್ಲಿ ಒಂದು ಸಣ್ಣ ದೀಪ, ತುಪ್ಪದ ಬತ್ತಿಯ ಬಣ್ಣ, ಅಲುಗದೆ ಉರಿಯುತ್ತಿದೆ. ಅದರ ಬೆಳಕು ಪೊಟ್ಟಣಗಳ ಮೇಲೆ. ಒಂದು ಪೊಟ್ಟಣದ ಮೇಲೆ ಅಚ್ಚು ಹಾಕಿದ ಕೃಷ್ಣ, ದೀಪಕ್ಕೆ ಮುಖ ಕೊಟ್ಟು ನಿಂತಿದ್ದಾನೆ, ಕೈಯಲ್ಲಿ ಕಡೆಗೋಲು.

ಯಾರೂ ಹಚ್ಚದ ನಂದಾದೀಪ ಮುರಾರಿ. ನಾವು ಮೇಲೆ ಮಲಗಿದ್ದಾಗ, ಹೋಟೆಲಿನಲ್ಲಿ ಜಗಳವಾಡುವಾಗ, ಊರಿಗೆ ಹೋದಾಗ, ಈ ಕೆಳಗಿನ ಪಾರ್ಕಿಂಗಿನ ಕತ್ತಲೆಯಲ್ಲಿ, ಮುಚ್ಚಿದ ಬಾಗಿಲು, ಮುಚ್ಚಿದ ಮುಚ್ಚಳ, ಅದರೊಳಗೆ ದೇವರ ಮುಂದೆ ದೀಪ ಉರಿಯುತ್ತಿತ್ತು. ಬ್ಯಾಟರಿ ತನ್ನಲ್ಲಿದ್ದ ಕೊನೆಯ ಹನಿಯವರೆಗೆ ಅದಕ್ಕೆ ಎಣ್ಣೆ ಎರೆದು ಸಾಯುತ್ತಿತ್ತು. ನಾವು ಅದನ್ನು ಕೆಟ್ಟ ಬ್ಯಾಟರಿ ಎಂದು ಬೈದೆವು. ಎಲ್ಲ ಪೊಟ್ಟಣದಿಂದ ಆದದ್ದು, ಗುಂಡಿ ಒತ್ತದೆ ಆದದ್ದು, ನನಗೂ ತಿಳಿಯುತ್ತದೆ. ತಿಳಿದ ಮೇಲೂ ಕೈ ಮುಗಿಯದೆ ಇರಲು ಆಗಲಿಲ್ಲ. ಇವರನ್ನು ನೋಡಿದರೆ ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿ ಸಿಮೆಂಟಿನ ಮೇಲೆ ನಿಂತಿದ್ದಾರೆ. ಯಾವಾಗ ಬಿಟ್ಟರೋ. ಅನೀಶ ಮಾತ್ರ ಕೊನೆಗೆ, "ಅಮ್ಮಾ, ಫಿರ್ ಸೇ ದೇಖೂಂ?" ಎಂದು ಇನ್ನೊಮ್ಮೆ ಹಾಕಿದ.

ಈಗ ಆ ದೀಪ ಆರಿಸುವುದು ಹೇಗೆ? ದೇವರ ಮುಂದಿನ ದೀಪ ಆರಿಸಿದೆ ಎನ್ನಲು ನನಗೆ ಬಾಯಿ ಬರಲಿಲ್ಲ. ಮೇಲೆ ಹೋಗಿ ದೇವರ ಕೋಣೆಯಲ್ಲಿ ತುಪ್ಪದ ದೀಪ ಹಚ್ಚಿ ಬಂದೆ. ಆಮೇಲೆ ಒಂದೊಂದೇ ಪೊಟ್ಟಣ ಕಣ್ಣಿಗೆ ಒತ್ತಿಕೊಂಡು ತಟ್ಟೆಗೆ ಹಾಕಿದೆ. ಅಕ್ಷತೆ, ತುಳಸಿಯೆಲ್ಲ ತುಳಸಿಯ ಕುಂಡಕ್ಕೆ ಹೋಯಿತು, ಗಂಧ, ಕುಂಕುಮ ದೇವರ ಪೆಟ್ಟಿಗೆಗೆ. ಬರಿದಾದ ಡಬ್ಬಿಯ ಮುಚ್ಚಳ ಈ ಸಲ ಟಕ್ ಎಂದು ಕೂತಿತು. ಅಂಥ ಸದ್ದು ನಾನು ಅದರಿಂದ ಕೇಳಿಯೇ ಇರಲಿಲ್ಲ. ಮತ್ತೆ ಮೀಟರ್ ಹಾಕಿದೆವು, ಸೊನ್ನೆ ಬಿಂದು ಸೊನ್ನೆ ಎರಡು.

ಆದರೂ ನಂಬಲು ಸ್ವಲ್ಪ ದಿನ ಬೇಕು. ಈಗ ಯಾರೂ ಗಾಡಿ ಮುಟ್ಟುವುದಿಲ್ಲ. ಎರಡು ವಾರ ಕಳೆದು ಕೀಲಿ ತಿರುಗಿಸುತ್ತೇವೆ.

ನೀನು ಕೇಳಿದ್ದಕ್ಕೆ ಈ ಕಾಗದದಲ್ಲಿ ಉತ್ತರವಿಲ್ಲ. ಮೀಸೆಯ ಮಾತಿದ್ದ ಪುಟವನ್ನು ಇವರ ಕೈಯಲ್ಲೇ ಕೊಟ್ಟೆ. ಓದಿ ಮಡಚಿ ಜೇಬಿಗೆ ಹಾಕಿಕೊಂಡರು. ಸೇರಿಸಬೇಡ ಎಂದಿದ್ದೀಯ, ಸೇರಿಸುವುದಿಲ್ಲ.

ವಾರಿಜಕ್ಕ


ಡೊಂಬಿವಲಿ
೧೮ ಅಕ್ಟೋಬರ್ ೨೦೨೫, ಶನಿವಾರ

ಮುರಾರಿ,

ನಿನ್ನೆ ಏಕಾದಶಿ ಕಳೆದು ಈಗಷ್ಟೇ ಪಾರಣೆ ಆಯಿತು. ಹೋದ ಕಾಗದಕ್ಕೆ ನೀನು ಉತ್ತರ ಕಳಿಸಲಿಲ್ಲ. ನಿನ್ನ ಪ್ರಶ್ನೆಯನ್ನು ನಾನು ಹಾಗೇ ಬಿಟ್ಟೆನಲ್ಲ, ಸಿಟ್ಟು ಬಂದಿರಬೇಕು. ಅಥವಾ ಉತ್ತರ ಗೊತ್ತಾಯಿತು ಎಂದುಕೊಂಡಿರಬೇಕು. ಎರಡೂ ಬೇಡ, ಇದನ್ನು ಓದು.

ಬೆಳಿಗ್ಗೆ ಇವರು ಗಾಡಿಯ ಕೀಲಿ ತಿರುಗಿಸಿದರು. ಎರಡು ವಾರ ಮಲಗಿದ್ದ ಗಾಡಿ ಒಂದೇ ಕರೆಗೆ ಎದ್ದಿತು. ಅದರ ಸದ್ದಿಗೆ ಪಾರ್ಕಿಂಗಿನ ಪಾರಿವಾಳಗಳೆಲ್ಲ ಹಾರಿದವು. ನಾನು ಬಾನೆಟ್ಟಿನ ಮೇಲೆ ಕೈಯಿಟ್ಟೆ. ಮುರಾರಿ, ಆ ನಡುಕ ಅಂಗೈಯಿಂದ ಮೊಣಕೈವರೆಗೆ ಬಂತು. ಕಿವಿ ಮುಚ್ಚಿಕೊಂಡೂ ನೋಡಿದೆ, ಆಗಲೂ ಗಾಡಿ ಎದ್ದಿದೆ ಎಂದು ಕೈಗೆ ಗೊತ್ತಾಗುತ್ತದೆ. ನೀನು ಇಷ್ಟು ವರ್ಷ ಯಂತ್ರಗಳ ಮಾತು ಕೇಳುವುದು ಹೀಗೆಯೇ ಇರಬೇಕು.

ಇನ್ನು ನೀನು ಕೇಳಿದ ಮಾತು.

ಮೊನ್ನೆ ಬುಧವಾರ ಇವರು ಹೋಟೆಲಿನಿಂದ ಬಂದಾಗ ನಾನು ಬಾಗಿಲು ತೆಗೆದವಳು ಹಾಗೇ ನಿಂತೆ. ಮೀಸೆ ಇರಲಿಲ್ಲ. ಮದುವೆಯಾದಂದಿನಿಂದ ನೋಡಿದ ಮುಖ, ಮೀಸೆ ತೆಗೆದದ್ದು ಇವರ ಅಪ್ಪ ಹೋದಾಗ ಒಮ್ಮೆ, ಅತ್ತೆ ಹೋದಾಗ ಒಮ್ಮೆ, ಅಷ್ಟೇ. ಮೂರನೆಯ ಸಲ ಯಾರಿಗಾಗಿ ಎಂದು ಹೆದರಿದೆ. ಹೋಟೆಲಿನಲ್ಲೂ ಹಾಗೆಯೇ ಆಗಿದೆ. ಗಲ್ಲಾದ ಮುಂದೆ ಬಂದ ಗಿರಾಕಿಗಳೆಲ್ಲ ದನಿ ತಗ್ಗಿಸಿ, "ಶೇಟ್, ಕೌನ್ ಗಯಾ? ಊರಿಂದ ಫೋನು ಬಂತಾ?" ಎಂದು ಕೇಳಿದ್ದಾರೆ. ಪೂವಪ್ಪ ದೋಸೆಯ ಕಲ್ಲು ಬಿಟ್ಟು ಓಡಿ ಬಂದನಂತೆ. ಇವರು ಎಲ್ಲರಿಗೂ ಒಂದೇ ಮಾತು ಹೇಳಿದ್ದಾರೆ, "ಯಾರೂ ಹೋಗಲಿಲ್ಲ. ಒಬ್ಬ ಬರುವವನಿದ್ದಾನೆ."

ಅವರ ಮೇಲಿನ ತುಟಿ ಇಷ್ಟು ತೆಳ್ಳಗೆ ಎಂದು ನನಗೇ ಮರೆತಿತ್ತು. ಎರಡು ದಿನದಿಂದ ಕೂತು ಅಭ್ಯಾಸ ಮಾಡುತ್ತಿದ್ದಾರೆ. ಕಿವಿ ಮುಚ್ಚಿಕೊಂಡು ಎದುರು ಕೂತುಕೋ ಎಂದು ನನ್ನನ್ನು ಕೂರಿಸಿ, ತುಳುವಿನಲ್ಲಿ ನಿಧಾನವಾಗಿ ಒಂದೊಂದೇ ಮಾತು ಹೇಳಿ, "ಈಗ ಏನು ಹೇಳಿದೆ?" ಎಂದು ಕೇಳುತ್ತಾರೆ. ತಪ್ಪಿದರೆ ನನಗೆ ಬೈಗುಳ. ಅವರು ಹೇಳುತ್ತಿರುವುದು ಬೇರೇನೂ ಅಲ್ಲ, ಅತ್ತೆ ಹೇಗೆ ಹೋದರು ಎಂಬುದನ್ನೇ. ಕೊನೆಯ ಹೊತ್ತಿಗೆ ಯಾರನ್ನು ಕರೆದರು, ಯಾವ ಲೋಟದಲ್ಲಿ ನೀರು ಕೇಳಿದರು, ಎಲ್ಲ. "ಅದನ್ನು ಅವನು ಕೇಳಿಯೇ ಇಲ್ಲವಲ್ಲ, ಕೇಳದೆ ಅವನು ಅಳುವುದು ಹೇಗೆ?" ಎಂದರು ನಿನ್ನೆ. ಎದುರು ಕೂತು ನಿನಗೆ ಅದನ್ನು ಮೊದಲಿನಿಂದ ಹೇಳಬೇಕಂತೆ.

ನನ್ನ ಕಡೆಯಿಂದ ಒಂದು ಅಕ್ಷರ ಸೇರಿಸಿಲ್ಲ. ಇದಕ್ಕಿಂತ ಹೆಚ್ಚಿನದ್ದು ಕಾಗದದಲ್ಲಿ ಹಿಡಿಸುವುದಿಲ್ಲ, ಪೂವಪ್ಪನ ಕೈಯಲ್ಲಿ ಕಳಿಸುವಂಥದ್ದೂ ಅಲ್ಲ. ನಾಳೆ ಭಾನುವಾರ, ನಿನಗೆ ರಜೆ. ಉತ್ತರ ಇಲ್ಲಿ ಸಿದ್ಧವಾಗಿ ಕೂತಿದೆ. ನೀನೇ ಬಂದು ತೆಗೆದುಕೊಂಡು ಹೋಗು.

ವಾರಿಜಕ್ಕ